ಶೇಂಗಾ ಹೆತ್ತ ದಿನ

ಬುಸಿಯಾ, ಉಗಾಂಡಾ
14 ಜುಲೈ 2018, ಶನಿವಾರ

ನನ್ನ ಮೊಂಡು ತಾಕಾಳಿಗೆ, ನಿನ್ನ ಅಜಾಂಬೊ ಮಾಡುವ ನಮಸ್ಕಾರ.

ಹಳ್ಳದಲ್ಲಿ ಬಿದ್ದ ದಿನದಿಂದ ನನ್ನೊಡನೆ ಮಾತು ಬಿಟ್ಟು, ಮೂರು ವರ್ಷವಾಯಿತು ನೀನು ತೊರೊರೊ ಊರಿನ ನಿನ್ನ ಅಣ್ಣನ ಮನೆ ಸೇರಿ. ಕಾಗದ ಹರಿಯಬೇಡ. ನಾನು ಹೆತ್ತ ಸುದ್ದಿ ಇದೆ! ಈ ಐವತ್ತೆರಡನೇ ವಯಸ್ಸಿನಲ್ಲಿ!

ಮಂಗಳವಾರ ಸುಂಕ ತಪ್ಪಿಸಲು ಎಂದಿನಂತೆ ಹೊಟ್ಟೆಗೆ ಶೇಂಗಾ ಚೀಲ ಕಟ್ಟಿಕೊಂಡು, ಮೇಲೊಂದು ದೊಗಲೆ ಗೌನು ಹಾಕಿ, ಬಸುರಿಯಂತೆ ಕೀನ್ಯಾ ಕಡೆ ಹೊರಟೆ. ನಮ್ಮ ಕಳ್ಳದಾರಿಯ ಹಳ್ಳ ತುಂಬಿತ್ತು. ಧೈರ್ಯ ಮಾಡಿ ಗಡಿ ಗೇಟಿನ ಸಾಲಿನಲ್ಲೇ ನಿಂತೆ. ಸುಂಕದಕಟ್ಟೆಗೆ ಹೊಸದಾಗಿ ಬಂದ ಹುಡುಗಿ, ನನ್ನ ಮಗಳ ವಯಸ್ಸಿನವಳು, "ಅಮ್ಮಾ, ಬಿಸಿಲಲ್ಲಿ ನಿಲ್ಬೇಡಿ, ಎಷ್ಟು ತಿಂಗಳು?" ಎಂದು ತನ್ನ ಕುರ್ಚಿಯನ್ನೇ ಕೊಟ್ಟಳು. ಎಂಟು ಎಂದೆ. ಕೂತೆ ನೋಡು, ಚೀಲದ ಹೊಲಿಗೆ ಪರ್ರನೆ ಬಿಚ್ಚಿತು. ಕಾಲ ಬಳಿ ಶೇಂಗಾ ರಾಶಿ! ಹಿಂದಿದ್ದ ಮೀನಿನವಳು, "ಅಯ್ಯೋ, ಒಂದಲ್ಲ ಕಣ್ರೇ, ಸಾವಿರ ಮಕ್ಕಳು!" ಎಂದು ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ನಾನು ಮಾತ್ರ ಜೈಲೇ ಗತಿ ಎಂದು ಅಳತೊಡಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತಾರೆ, ಇವಳ ಮುಂದೆ ಎಲ್ಲಾ ಹೇಳಿಬಿಟ್ಟೆ.

ಅವಳು ಒಂದು ಬೀಜ ಬಾಯಿಗೆ ಹಾಕಿಕೊಂಡು, "ನಿಮ್ಮ ಹೊಲದ್ದಾ? ಹಾಗಾದ್ರೆ ಸುಂಕವೇ ಇಲ್ವಲ್ಲಮ್ಮಾ, ಯಾಕೆ ಬಚ್ಚಿಡ್ತೀರಿ?" ಎಂದಳು. ನಮ್ಮ ನಾಡಿನಲ್ಲೇ ಬೆಳೆದದ್ದು ಎಂದು ಒಂದು ಹಾಳೆ ಬರೆಸಿದರೆ ಸಾಕಂತೆ. ಇದು ಯಾವಾಗಿನಿಂದ ಎಂದು ಕೇಳಿದೆ. "ನಾನು ಸ್ಕೂಲಲ್ಲಿದ್ದಾಗಿಂದ" ಎಂದಳು! ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಓಡುವವರಿಗೆ ಕೇಳಲು ಪುರುಸೊತ್ತೆಲ್ಲಿ?

ಗುರುವಾರ ಎರಡು ಮೂಟೆ ಸೈಕಲ್ಲಿಗೆ ಹೇರಿ ಗೇಟಿನಲ್ಲೇ ದಾಟಿದೆ. ಮಧ್ಯಾಹ್ನಕ್ಕೆಲ್ಲ ಖಾಲಿ. ಅಂದು ಮನೆಯಲ್ಲಿ ಮೀನಿನ ತುಂಡಿಗೆ ಮೊಮ್ಮಕ್ಕಳ ಜಗಳವೇ ಇಲ್ಲ, ಪಾತ್ರೆಯಲ್ಲಿ ಇನ್ನೂ ಉಳಿದಿತ್ತು. ಖುಷಿ ತಡೆಯಲಾರದೆ ಕುಣಿದೆ ಕಣೇ, ಈ ಮಂಡಿನೋವು ಇಟ್ಟುಕೊಂಡು!

ಆದರೆ ಚೌಕಾಸಿಗೆ ನಿನ್ನ ಬಾಯಿಯೇ ಬೇಕು. ಹಾಳೆಯಲ್ಲಿ ಮಾಲು ಯಾರದು ಎಂಬ ಕಡೆ ಇಬ್ಬರ ಹೆಸರನ್ನೂ ಬರೆಸಿದ್ದೇನೆ. ಬರುವ ಗುರುವಾರ ಬೆಳಿಗ್ಗೆ ಗೇಟಿನ ಬಳಿ ಕಾಯುತ್ತೇನೆ. ಬಾರೇ.

ನಿನ್ನ ಹಳೇ ಜೋಡಿ,
ಅಜಾಂಬೊ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಪೊಲೀಸರು ಬಂದರೆಂದು ಹೆದರಿ ಓಡಿದ ಆ ದಿನ, ನೀನು ಹಳ್ಳದಲ್ಲಿ ಬಿದ್ದದ್ದು ಕಾಣಲಿಲ್ಲ ಎಂದು ಆಣೆ ಮಾಡಿದ್ದೆ. ಕಂಡಿತ್ತು, ತಾಕಾ. ನೀನು ಕೂಗಿದ್ದೂ ಕೇಳಿಸಿತ್ತು. ಇಲ್ಲದ ಸುಂಕಕ್ಕೆ ಹೆದರಿ ನಿನ್ನ ಕೈಬಿಟ್ಟೆ. ಬೈಯಲಿಕ್ಕಾದರೂ ಬಾ. ಈ ಸಲ ನಾನು ಓಡುವುದಿಲ್ಲ.