ಎರಡು ತಾಸು ಐವತ್ತು ನಿಮಿಷ

ಗೆಳೆಯ ರೇವಣಸಿದ್ಧ,

ಸಿಟ್ಟು ಬಂದಿದೆ. ಮೊದಲು ನಿನ್ನ ಮೇಲೆ: ಕಾಯುವುದರಲ್ಲಿ ಇಡೀ ನಮ್ಮೂರು ಸಾಸ್ತೂರಿಗೇ ಹೆಸರಾದವನು ಈ ಸಲ ಇನ್ನೊಂದೇ ತಾಸು ಕಾಯಲಿಲ್ಲ. ಆಮೇಲೆ ನನ್ನ ಮೇಲೆ. ಗುವಾಹಾಟಿಯ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಗಣಿತ ಕಲಿಸುವ ನಾನು ಹೈಸ್ಕೂಲಿನ ವೇಗ–ದೂರದ ಲೆಕ್ಕದಲ್ಲಿ ನಪಾಸಾದೆ.

ಸೋಮವಾರ ನಸುಕಿನ ಐದಕ್ಕೆ ನಿನ್ನ ಹೆಂಡತಿ ಗಿರಿಜಾಬಾಯಿಯ ಫೋನ್. "ಅಯ್ನೋರ, ಇವರು ಹೋಗಿಬಿಟ್ರು. ಎಷ್ಟೊತ್ತಿಗಿ ಬರ್ತೀರಿ?" ಮೊಬೈಲಿನಲ್ಲಿ ದಾರಿ ನೋಡಿದೆ. ಗುವಾಹಾಟಿಯಿಂದ ಹೈದರಾಬಾದ್: ಸಾವಿರದ ಏಳುನೂರು ಕಿಲೋಮೀಟರ್, ಎರಡು ತಾಸು ಐವತ್ತು ನಿಮಿಷ. "ಮೂರು ತಾಸಿನ ಹಾದಿ ವೈನಿ, ಮಧ್ಯಾಹ್ನಕ್ಕ ಬಂದೇ ಬರ್ತೀನಿ," ಅಂದುಬಿಟ್ಟೆ. ವಿಮಾನ ನಿಲ್ದಾಣದ ಸಾಲು, ಅಲ್ಲಿ ಬೆಲ್ಟು ಬಿಚ್ಚಿ ಕಟ್ಟುವ ಸಂಭ್ರಮ, ಹೈದರಾಬಾದಿನಿಂದ ಉಮರಗಾ ಬಸ್ಸು, ಅಲ್ಲಿಂದ ನಮ್ಮೂರು, ಇವು ಯಾವುವೂ ಆ ಪರದೆಯ ಮೇಲಿರಲಿಲ್ಲ.

ಕಾಲೇಜಿನಲ್ಲಿ ಓದುವಾಗ ನೀನು ಕೇಳುತ್ತಿದ್ದೆ, "ಲೇ ಅಯ್ಯಾ, ನಿನ್ನ ಲೆಕ್ಕದಾಗಿನ ಗಾಡಿ ಚಹಾಕ್ಕೂ ನಿಲ್ಲಂಗಿಲ್ಲೇನೋ?" ನಿಲ್ಲುತ್ತದಪ್ಪ. ಹುಮನಾಬಾದಿನಲ್ಲಿ ನಿಂತಿತು. ಕಂಡಕ್ಟರ್ ಚಹಾದ ಜೊತೆ ಭಜಿಯನ್ನೂ ತಿಂದ. ತಾಸಿಗೆ ಆರುನೂರು ಕಿಲೋಮೀಟರ್ ಹಾರಿ ಬಂದವನು ಅವನ ಎರಡನೇ ಪ್ಲೇಟು ಮುಗಿಯುವುದನ್ನೇ ನೋಡುತ್ತ ಕುಳಿತೆ. ದಾರಿಯಿಂದ ಫೋನ್ ಮಾಡಲಿಲ್ಲವೆಂದಲ್ಲ. ನಾಲ್ಕು ಸಲ ಮಾಡಿದೆ. ನಾಚಿಕೆಗೆ ನಾಲ್ಕು ಸಲವೂ "ಇನ್ನೊಂದು ತಾಸು" ಅಂದೆ.

ನಿಮ್ಮ ಮನೆಗೆ ತಲೆತಲಾಂತರದಿಂದ ನಾವೇ ಜಂಗಮರು. ಮಣ್ಣಿಗಿಡುವ ಮುನ್ನ ಮನೆಯ ಅಯ್ಯ ತೀರಿದವರ ತಲೆಯ ಮೇಲೆ ಪಾದವಿಡಬೇಕು. ಅಪ್ಪ ತೀರಿದ ಮೇಲೆ ಆ ಪಾದ ನನ್ನದು. ಹೋದ ದೀಪಾವಳಿಗೆ ತೊಗರಿ ಹೊಲದ ಬದುವಿನಲ್ಲಿ ನೀನೇ ಅಂದಿದ್ದೆ, "ನಾ ಮದಲ ಹ್ವಾದ್ರ ನೀನೇ ಬರಬೇಕ ನೋಡು. ಬ್ಯಾರೆ ಅಯ್ನೋರ ಕಾಲು ನನ್ನ ತಲಿಗಿ ಒಗ್ಗಂಗಿಲ್ಲ." "ಇಷ್ಟು ದೊಡ್ಡ ತಲಿಗಿ ಎರಡೂ ಕಾಲು ಬೇಕಾಗ್ತಾವ," ಎಂದು ನಾನು ನಕ್ಕಿದ್ದೆ.

ದೀಪ ಹಚ್ಚುವ ಹೊತ್ತಿಗೆ ಬಂದೆ. ನಿನ್ನ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಹೂ ಕಟ್ಟಿ ಹೆಣವನ್ನು ಕೂರಿಸುವ ಆಸನಕ್ಕೂ ನಮ್ಮಲ್ಲಿ ವಿಮಾನವೆಂದೇ ಹೆಸರಲ್ಲವೆ? ನಿನ್ನದು ನನಗಾಗಿ ಆರು ತಾಸು ತಡವಾಗಿ ಹೊರಟಿತಂತೆ. ಹಾಗಾಗಿ ನಿನ್ನ ಮೇಲಿನ ಸಿಟ್ಟು ವಾಪಸ್ಸು. ಕೊನೆಗೆ ಪಕ್ಕದೂರಿನ ಅಯ್ಯನವರನ್ನು ಕರೆತಂದರಂತೆ. ಗಿರಿಜಾಬಾಯಿ ಬೈಯಲಿಲ್ಲ. "ಒಂದ ತಾಸು, ಒಂದ ತಾಸು ಅಂದ್ರಿ. ಮಂದಿ ನಂಬೋದು ಬಿಟ್ರು. ಏಳಕ್ಕ ಬರ್ತೀನಿ ಅಂತ ಮುಂಜಾನಿನೇ ಹೇಳಿದ್ರ, ಏಳರ ತನಕ ಇಡ್ತಿದ್ವಿರೀ ಅಯ್ನೋರ," ಎಂದಷ್ಟೇ ಹೇಳಿ ನೀರಿನ ತಂಬಿಗೆ ಕೊಟ್ಟಳು.

ಕಾಲೇಜಿಗೆ ಹೋಗುತ್ತಿದ್ದ ಮುಂಜಾನೆ ಏಳೂವರೆಯ ಉಮರಗಾ ಬಸ್ಸು ನೆನಪಿದೆಯೇ? ದಿನಾ ನನ್ನದೇ ತಡ. ನೀನು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು, "ತಡೀರಿ ಮಾಸ್ತರ, ನಮ್ಮ ಅಯ್ಯ ಬರ್ಲಾಕತ್ಯಾನ," ಎಂದು ಕಂಡಕ್ಟರನಿಗೆ ಹೇಳಿ ಬಸ್ಸನ್ನು ಹಿಡಿದು ನಿಲ್ಲಿಸುತ್ತಿದ್ದೆ. ಮೂರು ವರ್ಷ ನನಗಾಗಿ ಕಾಲಿಟ್ಟು ನಿಂತವನಿಗೆ, ಒಂದೇ ಒಂದು ಸಲ ಕಾಲಿಡಲು ನನ್ನಿಂದಾಗಲಿಲ್ಲ.

ಆಶೀರ್ವದಿಸುವುದು ನನ್ನ ಕುಲದ ಕೆಲಸ. ಅದನ್ನಾದರೂ ಹೊತ್ತಿಗೆ ಮಾಡುತ್ತೇನೆ. ಹೋಗಿ ಬಾ ಎನ್ನಲಾರೆ, ಹಾಯಾಗಿ ಹೋಗು. ಶಿವನ ಪಾದವೇ ನಿನ್ನ ತಲೆಯ ಮೇಲಿರಲಿ.

ಒಂದು ತಾಸು ತಡವಾದ,
ನಿನ್ನ ಅಯ್ಯ
ಶಾಂತಯ್ಯ