ಎಣಿಸದೆ ಆಡಿದ ಆರು ಗುಳಿ

ಪ್ರೀತಿಯ ಭಾವ,

ಹೊಸಬಾಳೆಯ ಬಯಲಿಗೆ ನಾವಿಬ್ಬರೂ ಮೊದಲ ದಿನ ಕುರಿ ಹೊಡೆದುಕೊಂಡು ಹೋದದ್ದು ನೆನಪಿದೆಯಾ? ಶಿಕಾರಿಪುರದ ಮೇಜರ್ ಸಾಹೇಬರು ನಿವೃತ್ತರಾಗಿ ಬಂದು, ಅಲ್ಲಿ ಆರು ಗುಳಿ ತೋಡಿಸಿ ಗಾಲ್ಫ್ ಬಯಲು ಮಾಡಿದ್ದರು. ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿತ್ತು. "ನಿಮ್ಮ ಕುರಿ ಮೇಯ್ಲಿ, ನಿಮಗೆ ಆಟ ಕಲಿಸ್ತೀನಿ" ಎಂದರು. ನನ್ನ ಕೋಲು ಮೂರು ತಿಂಗಳಾದರೂ ಚೆಂಡಿಗೆ ನೆಟ್ಟಗೆ ತಾಗಲಿಲ್ಲ. ನೀನು ಮೂರನೇ ದಿನಕ್ಕೇ ಚೆಂಡನ್ನು ಬಾವುಟದ ಬುಡಕ್ಕೆ ಕಳಿಸಿದೆ. ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದವರಲ್ಲವೇ ನಾವು? ಮತ್ತೆ ನಿನಗೆ ಮಾತ್ರ...

ನೀನು ಚೆಂಡಿನ ಮುಂದೆ ನಿಂತಾಗ ನಾನು ನಿನ್ನ ಕಣ್ಣನ್ನೇ ನೋಡುತ್ತಿದ್ದೆ. ಮರಿ ಅರಚಿದರೂ, ಆನವಟ್ಟಿ ಬಸ್ಸು ಹಾರ್ನ್ ಹೊಡೆದರೂ ರೆಪ್ಪೆ ಅಲುಗುತ್ತಿರಲಿಲ್ಲ. ನಾನು ನಿಂತರೆ ತಲೆಯೊಳಗೆ ಸಂತೆ. ಕಡಿಮೆ ಹೊಡೆತದಲ್ಲಿ ಆರೂ ಗುಳಿ ಮುಗಿಸಿದವನೇ ಗೆದ್ದ ಲೆಕ್ಕ, ಭಾವನದು ಇಪ್ಪತ್ತು ಹೊಡೆತ, ನನ್ನದು ಆಗಲೇ ಇಪ್ಪತ್ತೇಳು, ಇನ್ನು ಎರಡೇ ಗುಳಿ... ಅಷ್ಟರಲ್ಲಿ ಚೆಂಡು ಪೊದೆಯೊಳಗೆ. ಬುತ್ತಿ ತಂದ ಅಕ್ಕ ಬೇರೆ, "ಏ ತಮ್ಮಾ, ನಿಮ್ ಭಾವನ್ನ ನೋಡಿ ಕಲ್ತ್ಕಳೋ" ಎನ್ನುತ್ತಿದ್ದಳು. ಒಡಹುಟ್ಟಿದವಳೇ ಹಾಗೆಂದರೆ ಹೊಟ್ಟೆ ಉರಿಯದೆ ತಣ್ಣಗಿದ್ದೀತೇ?

ದೀಪಾವಳಿಯ ಮರುದಿನ ಕೊನೆಯ ಗುಳಿಯ ಬಳಿ ನೀನು ಬಾಗಿದ್ದೆ. ಚೆಂಡು ಗುಳಿಗೆ ಒಂದು ಮಾರು ದೂರ. ತಪ್ಪಿದರೆ ಮೊದಲ ಸಲ ನಾನು ನಿನಗೆ ಸರಿಸಮ. ನಾನು ಕೆಮ್ಮಿದೆ. ಧೂಳು ಎಂದೆ. ಧೂಳಲ್ಲ ಭಾವ, ಬೇಕೆಂದೇ ಕೆಮ್ಮಿದ್ದು. ಆದರೂ ಚೆಂಡು ಗುಳಿಗೇ ಬಿತ್ತು.

"ಕೆಮ್ಮಿಗೆ ಶುಂಠಿ ತಿನ್ನೋ" ಎಂದೆ ನೀನು.

"ಏನ್ ಮಂತ್ರ ಹಾಕ್ತೀಯ, ಹೇಳಿಬಿಡು ಮಾರಾಯ."

"ಮಂತ್ರ ಎಂಥದು? ನಾವು ಕುರಿ ಎಣಿಸ್ತೀವೇನೋ?"

ಗೇಲಿ ಎಂದುಕೊಂಡು ಒಂದು ವಾರ ಮಾತು ಬಿಟ್ಟಿದ್ದೆ. ಅದು ಅರ್ಥವಾಗುವ ಹೊತ್ತಿಗೆ ನೀನು ಹೋಗಿ ಒಂದು ಮಳೆಗಾಲ ಕಳೆದಿತ್ತು.

ಮೊನ್ನೆ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ನಿನ್ನ ಕುರಿಗಳನ್ನು ಒಳಗೆ ಬಿಡುತ್ತಿದ್ದೆ. ಎಣಿಸಿದರೆ ಮಂದೆ ಕರಗುತ್ತದೆಂದು ನಮ್ಮಲ್ಲಿ ಎಣಿಸುವುದಿಲ್ಲವಲ್ಲ. ಒಂದೊಂದರ ಮುಖ ನೋಡುತ್ತೇವೆ, ಇಲ್ಲದ್ದು ಯಾವುದೆಂದು ತಾನಾಗಿ ತಿಳಿಯುತ್ತದೆ. ಬಿಳಿಕಿವಿ ಬಂದಿಲ್ಲವೆಂದು ತಟ್ಟನೆ ಹೊಳೆಯಿತು. ಅದರ ಹಿಂದೆಯೇ ನಿನ್ನ ಮಾತೂ ಹೊಳೆಯಿತು. ಜನ್ಮದಲ್ಲಿ ಕುರಿ ಎಣಿಸದ ನಾನು, ಹೊಡೆತ ಎಣಿಸುತ್ತಾ ನಿಂತಿದ್ದೆನಲ್ಲ! ನನ್ನದಷ್ಟೇ ಸಾಲದೆ ನಿನ್ನದನ್ನೂ...

ಬಿಳಿಕಿವಿ ಬೇಲಿಯಲ್ಲಿ ಸಿಕ್ಕಿತು, ಚಿಂತೆ ಬೇಡ.

ಇವತ್ತು ಬೆಳಿಗ್ಗೆ ಅಕ್ಕ ನಿನ್ನ ಕೋಲನ್ನು ನನ್ನ ಕೈಗಿಟ್ಟಳು. ಆರೂ ಗುಳಿ ಆಡಿದೆ. ಪ್ರತಿ ಸಲ ಎದುರಿಗಿದ್ದ ಆ ಒಂದು ಚೆಂಡಿನ ಮುಖ ಮಾತ್ರ ನೋಡಿದೆ. ಒಂದೂ ಪೊದೆಗೆ ಹೋಗಲಿಲ್ಲ ಭಾವ, ಒಂದೂ! ಮೇಜರ್ ಸಾಹೇಬರು ಕುರ್ಚಿ ಬಿಟ್ಟು ಎದ್ದರು. "ನಿಮ್ಮ ಭಾವನ್ನೂ ಮೀರಿಸಿದ್ಯೇನೋ! ಎಷ್ಟಾಯ್ತು?"

ಬಾಯಿ ತೆರೆದೆ. ಎಷ್ಟಾಯಿತೋ ನನಗೆಲ್ಲಿ ಗೊತ್ತು?

ಸತ್ತ ಮೇಲೂ ಗೆಲ್ಲಲು ಬಿಡಲಿಲ್ಲವಲ್ಲ ನೀನು! ಸೋಮವಾರ ಮತ್ತೆ ಆಡುತ್ತೇನೆ. ಎಣಿಸುವುದಿಲ್ಲ, ಆಣೆ. ಕೊನೆಯ ಗುಳಿಗೆ ಬಾಗಿದಾಗ ಬೇಕಾದರೆ ನೀನೊಮ್ಮೆ ಕೆಮ್ಮು.

ನಿನ್ನ ಭಾವಮೈದುನ,
ಮಾಳಪ್ಪ