ಬರದು ಕೊಡ್ರಿ

ಮಾರ್ಚ್ 3, ಸೋಮವಾರ

ಸುಲೇಪೇಟದಿಂದ ಆರೂವರಿ ಬಸ್ಸಿಗೆ ಆಸ್ಪತ್ರಿಗೆ ಬಂದೆ. ವಾರ್ಡಿನಾಗ ಹನ್ನೆರಡು ಮಂದಿ ಬಿ.ಪಿ. ನೋಡಿದೆ — ಡಿಜಿಟಲ್ ಮಷಿನ್ ಮ್ಯಾಲೆ. ದೀಪಾವಳಿ ಮುಂದ ನನಗ ಮೆದುಳು ಜ್ವರ ಬಂತು, ಎರಡೂ ಕಿವಿ ಹೋದ್ವು. ಈಗ ತುಟಿ ನೋಡಿ ಮಾತು ತಿಳ್ಕೊಳ್ಳೋದು. ಸರ್ಕಾರಿ ನರ್ಸ್ ಆಗಿ ಹದಿನಾಲ್ಕು ವರ್ಷ. ಕೈ ಏನೂ ಮರತಿಲ್ಲ.

ದೊಡ್ಡ ಡಾಕ್ಟರ್ ರಾಮಲಿಂಗ ಸಾಹೇಬ್ರು ಕರದ್ರು. “ಲುಂಬಿನಿ ಸಿಸ್ಟರ್, ನೀವ ರಾಜೀನಾಮೆ ಕೊಟ್ಟುಬಿಡ್ರಿ. ಇಲ್ಲಂದ್ರ ನಾವ ತೆಗೀಬೇಕಾಗ್ತದ.” ರಾಜೀನಾಮೆ ಹಾಳಿ ಟೈಪ್ ಮಾಡಿಸಿ ಇಟ್ಟಿದ್ರು. ಸಹಿ ಮಾಡಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 4

ಮನಿಯವ್ರು ಚೀಟಿ ಬರದ್ರು: ‘ಆರಾಮ ಮನ್ಯಾಗಿರು. ನಾ ದುಡೀತೀನಲ್ಲ.’

ಪ್ರೀತಿಲೇ ಬರದಾರ. ಅದಕ್ಕ ಇನ್ನಾ ಸಿಟ್ಟು ಬಂತು.

ಮಾರ್ಚ್ 9

ಮಾಣಿಕಪ್ಪ ಕಾಕಾ ಬಂದಿದ್ರು. ಚಿತ್ತಾಪುರ ಕೋರ್ಟಿನ್ಯಾಗ ಗುಮಾಸ್ತ ಇದ್ದವ್ರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತಂದಾರ. ಕಲಂ 20ಕ್ಕ ಕೆಂಪು ಗೆರಿ. ಸರ್ಕಾರಿ ನೌಕರಿಯಾಗಿದ್ದಾಗ ಅಂಗವಿಕಲತೆ ಬಂದ್ರ ತೆಗೀಲಿಕ್ಕೆ ಬರಂಗಿಲ್ಲ, ದರ್ಜೆ ಇಳಸಲಿಕ್ಕೂ ಬರಂಗಿಲ್ಲ. ಆ ಕೆಲಸ ಆಗದಿದ್ರ ಅದ ಪಗಾರದ ಮ್ಯಾಲೆ ಬ್ಯಾರೆ ಹುದ್ದೆ.

ಮೂರು ಸಲ ಓದಿದೆ. ಬ್ಯಾರೆ ಹುದ್ದೆ ಕೇಳಿ ಅರ್ಜಿ ನಾನ ಬರದೆ.

ಮಾರ್ಚ್ 11, ಮಂಗಳವಾರ

ಸಾಹೇಬ್ರು ಮತ್ತ ಅದ ಹಾಳಿ ಮುಂದಿಟ್ಟರು. “ಪೇಷಂಟ್ ಒದರಿದ್ರ ನಿಮಗ ಕೇಳಂಗಿಲ್ಲ. ಜೀವಕ್ಕ ಧೋಕಾ ಆಗ್ತದ.”

ಅದು ಖರೆ. ನಾನೂ ಭಾಳ ವಿಚಾರ ಮಾಡೀನಿ.

“ವಾರ್ಡ್ ಬ್ಯಾಡ್ರಿ. ಲಸಿಕಿ ರೂಮ್ ಕೊಡ್ರಿ. ಅಲ್ಲಿ ಎಲ್ಲಾರೂ ಕಣ್ಣ ಮುಂದ ಇರ್ತಾರ.”

ತಲಿ ಅಲ್ಲಾಡಿಸಿದ್ರು. ಏನೇನೋ ಜೋರಾಗಿ ಅನ್ನಾಕತ್ತಿದ್ರು, ತುಟಿ ತಿಳೀಲಿಲ್ಲ. ಖಾಲಿ ಹಾಳಿ, ಪೆನ್ನು ಅವ್ರ ಕಡೆ ಸರಿಸಿದೆ.

“ನನಗ ಕೇಳಂಗಿಲ್ಲ ಸಾಹೇಬ್ರ. ಕಿವಿ ಹೋಗ್ಯಾವಂತ ನೌಕರಿ ಬಿಡ್ರಿ — ಹಿಂಗಂತ ಬರದು ಕೊಡ್ರಿ.”

ಪೆನ್ನಿನ ಕ್ಯಾಪ್ ತೆಗದ್ರು. ಬರೀಲಿಲ್ಲ, ತಿರುಗಿ ಕ್ಯಾಪ್ ಹಾಕಿದ್ರು.

ನನ್ನ ಅರ್ಜಿ ಕೊಟ್ಟೆ. ಪ್ರತಿ ಮ್ಯಾಲೆ ಸೀಲ್ ಹಾಕಿಸ್ಕೊಂಡ ಹೊರಗ ಬಂದೆ.

ಮಾರ್ಚ್ 28

ಕಲಬುರಗಿ. ಮೆಡಿಕಲ್ ಬೋರ್ಡ್. ಕಿವಿ ಪರೀಕ್ಷಾ ಆತು. ಮುಂದೇನಂತ ಯಾರೂ ಹೇಳಲಿಲ್ಲ.

ಏಪ್ರಿಲ್ 24, ಗುರುವಾರ, ಮಧ್ಯಾಹ್ನ 1.40

ಆರ್ಡರ್ ಮೊನ್ನೆ ಬಂತು. ಲಸಿಕಿ ರೂಮ್. ಅದ ದರ್ಜೆ, ಅದ ಪಗಾರ. ಮನಿಯವ್ರು ಎರಡು ಸಲ ಓದಿದ್ರು, ಆಮ್ಯಾಲೆ ನನ್ನ ಯೂನಿಫಾರ್ಮ್ ತಾವ ಇಸ್ತ್ರಿ ಮಾಡಿದ್ರು.

ಇವತ್ತು ಮೊದಲ ದಿನ. ಇಪ್ಪತ್ತಾರು ಕೂಸು. ಆಶಾಬಿ ಅಂತ ಒಬ್ಬಾಕಿ ತಾಯಿ, ಹೊಸಬಳು, ನನಗಿಂತ ಹೆಚ್ಚು ಅಂಜಿದ್ದಳು. “ಜ್ವರ ಬರ್ತಾವೇನ್ರಿ ಸಿಸ್ಟರ್?” — ತುಟಿ ಮ್ಯಾಲೆ ಛಲೋ ತಿಳೀತು. ಒಂದಿನ ಬರ್ತಾವ, ಅಂಜಬ್ಯಾಡ ಅಂದೆ. ನಕ್ಕಳು.

ಬುತ್ತಿ ಬಿಚ್ಚೀನಿ. ಬಾಗಲದಾಗ ಯಾರೋ ಕೂಸು ಎತ್ಕೊಂಡು ಕೈ ಮಾಡಾಕತ್ತಾರ. ಬಂದೆ ಅಂತ ನಾನೂ ಕೈ —